ಕೆಮ್ಮದವನು

(ಬ್ಯಾರಿ, ವರ್ಮಾಂಟ್, ೧೯೧೮)

ಆ ಅಕ್ಟೋಬರಿನಲ್ಲಿ ಊರಿಗೆ ಊರೇ ಕೆಮ್ಮುತ್ತಿತ್ತು.
ಕಲ್ಲುಕುಟಿಗರ ಕೆಮ್ಮು ನಮಗೆ ಹಳೆಯ ನೆಂಟ,
ಗ್ರಾನೈಟಿನ ಧೂಳು ಎದೆಯೊಳಗೆ ಮನೆ ಮಾಡಿ
ಇಪ್ಪತ್ತು ವರ್ಷ ನಿಧಾನ ತಿನ್ನುವಂಥದು.
ಇದು ಬೇರೆ. ಇದಕ್ಕೆ ಅವಸರವಿತ್ತು.
ಬೆಳಿಗ್ಗೆ ಬ್ರೆಡ್ಡು ಹಂಚಿದ ಹುಡುಗ
ಸಂಜೆಗೆ ನೀಲಿಗಟ್ಟಿದ.
ಶಾಲೆಗೆ ಬೀಗ, ಚರ್ಚಿಗೆ ಬೀಗ;
ಬೀಗವಿಲ್ಲದ್ದು ಗೋರಿಕಲ್ಲಿನ ಶೆಡ್ಡು ಮಾತ್ರ.

ಅಪ್ಪ ಹಾಸಿಗೆ ಹಿಡಿದಿದ್ದ.
ಶೆಡ್ಡಿನ ಮೊಳೆಗೆ ಚುಚ್ಚಿದ ಚೀಟಿಗಳಲ್ಲಿ ನಲವತ್ತಮೂರು ಹೆಸರು,
ಕೂಲಿ ಅಕ್ಷರದ ಲೆಕ್ಕ.
'ಉದ್ದ ಹೆಸರಿನವರು ಸತ್ತರೆ ನಮ್ಮ ಮನೆಯಲ್ಲಿ ಮಾಂಸದ ಸಾರು'
ಎಂದು ನಕ್ಕಿದ್ದ ಅಣ್ಣ ಒರೆಸ್ತೆ,
ಸೈನ್ಯದ ರೈಲು ಹತ್ತುವ ಹಿಂದಿನ ರಾತ್ರಿ.
ಅಮ್ಮ ಸೌಟಿನಿಂದ ಅವನ ಮಂಡೆಗೆ ಕುಟ್ಟಿದ್ದಳು.

ನನಗೆ ಹದಿನಾರು.
ಹುಡುಗಿಯರು ಚಾಣ ಮುಟ್ಟುವಂತಿಲ್ಲ.
ಅದಕ್ಕೇ ರಾತ್ರಿ ಮುಟ್ಟಿದೆ.
ಸೀಮೆಸುಣ್ಣದಲ್ಲಿ ಬರೆದುಕೊಂಡು, ಉಸಿರು ಹಿಡಿದು, ಒಂದೊಂದೇ ಏಟು.
ಏಳನೆಯ ಹೆಸರಿಗೆ ಬಂದಾಗ ಬೆನ್ನ ಹಿಂದೆ ಯಾರೋ ಅಂದರು:
'ಎರ್ಸಿಲಿಯಾ, ನಿನ್ನ ಎಸ್ ಮತ್ತೆ ತಿರುವುಮುರುವು.'

ದೊಗಲೆ ಸಮವಸ್ತ್ರ. ಮೊಣಕಾಲವರೆಗೂ ನೀರು.
ಓಡಿಹೋಗಿ ತಬ್ಬಬೇಕಿತ್ತು ನಾನು,
ನಿಂತೆ.
ಅವನು ಕೆಮ್ಮುತ್ತಿರಲಿಲ್ಲ.
ಊರಲ್ಲಿ ಕೆಮ್ಮದವರು ಯಾರಿದ್ದರು ಹೇಳಿ,
ಆ ಮೊಳೆಗೆ ನೇತುಬಿದ್ದವರ ಹೊರತು?
ನೆಲದ ಮೇಲೆ ಬೆರಳುದ್ದ ಧೂಳು.
ನನ್ನ ಹೆಜ್ಜೆಗಳಿದ್ದವು. ನನ್ನವು ಮಾತ್ರ.

ಅವನು ರಾತ್ರಿರಾತ್ರಿ ಬಂದ.
ಕಂದೀಲು ಹಿಡಿಯಲು ಹೋಗಿ ಹಿಡಿಯಲಾರದೆ
ಕೈ ಜೇಬಿಗೆ ಇಳಿಸಿ ನಿಂತ.
ಫ್ರಾನ್ಸ್ ಹೇಗಿದೆ ಎಂದೆ. ನೋಡಲಿಲ್ಲ ಅಂದ.
ಕಂದಕ? ನೋಡಲಿಲ್ಲ.
ಹಡಗಿನ ತಳದಲ್ಲಿ, ಮೂರಂತಸ್ತಿನ ಮಂಚದ ನಡುವಿನದರಲ್ಲಿ
ಜ್ವರ ಬಂತು, ಆರನೇ ದಿನ.
'ಒಂದು ಗುಂಡೂ ಹಾರಿಸಲಿಲ್ಲ, ತಂಗಿ.
ಬಂದೂಕು ಇನ್ನೂ ಎಣ್ಣೆಕಾಗದದೊಳಗಿತ್ತು.
ಬಾಯಾರಿತ್ತು. ಸುತ್ತ ಅಷ್ಟೊಂದು ನೀರು,
ಕುಡಿಯೋಕೆ ಒಂದು ಬಟ್ಟಲಿಲ್ಲ.
ಆಮೇಲೆ ಕಿತ್ತಾನಿನಲ್ಲಿ ಸುತ್ತಿದರು.
ಸರ್ಕಾರ ಏನಾದರೂ ದೊಡ್ಡ ಮಾತು ಬರೆದು ಕಳಿಸುತ್ತೆ.
ಅದನ್ನ ಕೆತ್ತಬೇಡ.'

ನವೆಂಬರ್ ಎರಡು, ಸತ್ತವರ ದಿನ.
ಕರಾರಾದಲ್ಲಿ ಅಜ್ಜಿ ಮಾಡುತ್ತಿದ್ದಂತೆ ಅಮ್ಮ
ಹೊಸ್ತಿಲ ಬಳಿ ನೀರಿನ ಹೂಜಿ ಇಟ್ಟಳು,
ದಾರಿಹೋಕ ಆತ್ಮಗಳಿಗೆಂದು, ಯಾರ ಹೆಸರೂ ಹೇಳದೆ.
ಬೆಳಿಗ್ಗೆ ಹೂಜಿ ಬರಿದು. ತಳ ಒಣಗಿತ್ತು.
'ಬೆಕ್ಕು' ಎಂದಳು ಅಮ್ಮ.
ನಮ್ಮಲ್ಲಿ ಬೆಕ್ಕಿರಲಿಲ್ಲ.

ಆ ರಾತ್ರಿಯಿಂದ ಅವನು ಬರಲಿಲ್ಲ.
ಮೂಲೆಯಲ್ಲಿ, ಅಂಚು ಮುಕ್ಕಾದ್ದಕ್ಕೆ ಗಿರಾಕಿ ಬೇಡವೆಂದ ಕಲ್ಲಿತ್ತು.
ನಾಲ್ಕು ರಾತ್ರಿ ಹಿಡಿಯಿತು.
ಗೋಣಿಚೀಲ ಹೊದಿಸಿ ಬಾಯಿ ಮುಚ್ಚಿಕೊಂಡು ಕೂತೆ.

ಹನ್ನೊಂದಕ್ಕೆ ಗಂಟೆಗಳು ಹೊಡೆದವು,
ಚರ್ಚಿನದು, ಶಾಲೆಯದು, ಬೆಂಕಿಮನೆಯದು, ಎಲ್ಲ ಒಟ್ಟಿಗೆ ಹುಚ್ಚೆದ್ದಂತೆ.
ಬೀದಿಯಲ್ಲಿ ಜನ ಮುಖಗವಸು ಕಿತ್ತು ಗಾಳಿಗೆ ತೂರಿದರು,
ಕೆಮ್ಮುತ್ತಲೇ ಕುಣಿದರು.
ಆ ಗದ್ದಲದ ನಡುವೆ ತಂತಿಯ ಹುಡುಗ ನಮ್ಮ ಬಾಗಿಲಿಗೆ ಬಂದ.
ಅಮ್ಮನ ಕೂಗು ಗಂಟೆಗಳಲ್ಲಿ ಬೆರೆತುಹೋಯಿತು;
ಎದುರುಮನೆಯವರು ಸಂತೋಷಕ್ಕೆ ಅಂದುಕೊಂಡು ಕೈ ಬೀಸಿದರು.

ಅಪ್ಪ ಎದ್ದು ಗೋಡೆ ಹಿಡಿದು ಶೆಡ್ಡಿಗೆ ಬಂದ.
ಗೋಣಿ ಸರಿಸಿದೆ.
ಕಣ್ಣು ಮಂಜಾಗಿತ್ತೇನೋ, ಬೆರಳಿನಿಂದ ಓದಿದ.
ಹೆಸರು, ಅದರ ಕೆಳಗೆ ಒಂದೇ ಸಾಲು:
ಬಾಯಾರಿದ್ದ, ಇಪ್ಪತ್ತು ವರ್ಷ.
ವೀರನೆಂದು ಏಕಿಲ್ಲ ಎಂದು ಕೇಳಲಿಲ್ಲ,
ಸುದ್ದಿ ಇವತ್ತಷ್ಟೇ ಬಂತಲ್ಲ ಎಂದೂ ಕೇಳಲಿಲ್ಲ.
ಬೆರಳು ಹೆಸರಿನ ನಡುವೆ ಒಂದು ತಿರುವಿನಲ್ಲಿ ನಿಂತಿತು,
ಹಿಂದೆ ಹೋಯಿತು, ಮತ್ತೆ ಬಂತು.

'ಈ ಎಸ್,' ಅಂದ ಅಪ್ಪ, 'ಸರಿಯಾಗಿದೆ.
ಯಾರು ತೋರಿಸಿಕೊಟ್ಟರು?'